ಇಪ್ಪತ್ತೆರಡನೆಯ ಪುಟ

ಆಲ್ಟೊನಾ ನಿಲ್ದಾಣದ ಸೇತುವೆಯಡಿ, ಬ್ರೆಡ್ಡಿನಂಗಡಿಯ ಬಿಸಿಗಾಳಿ
ಹೊರಬೀಳುವ ಜಾಲರಿಯ ಪಕ್ಕ, ನನ್ನ ಜಾಗ.
ಕೊರಳಲ್ಲಿ ಗುರುತಿನ ಚೀಟಿ, ನಂಬರು ಆರುನೂರಾ ಹದಿನೇಳು.
ಪತ್ರಿಕೆಗೆ ಮೂರು ಯೂರೋ. ಅರ್ಧ ನನ್ನದು.
ಕುಡಿದು ನಿಲ್ಲುವಂತಿಲ್ಲ, ಕೈ ಚಾಚುವಂತಿಲ್ಲ;
ಚಾಚದ ಕೈಯಲ್ಲಿ ಪತ್ರಿಕೆ ಹಿಡಿಯುವುದು ಹೇಗೆಂದು
ಯಾರೂ ಹೇಳಿಕೊಟ್ಟಿಲ್ಲ.

ಈ ತಿಂಗಳ ಮುಖಪುಟದಲ್ಲಿ ನಾನೇ ಇದ್ದೇನೆ.

ಫೋಟೋದ ಹುಡುಗಿ ಸ್ವಾಂತ್ಯೆ ಒಳ್ಳೆಯವಳು.
ನನ್ನ ಕೆಂಪು ಲಿಪ್‌ಸ್ಟಿಕ್ ನೋಡಿ ಒಂದು ಗಳಿಗೆ ತಡವರಿಸಿದಳು,
ಆಮೇಲೆ ಒರೆಸಲು ಕಾಗದ ಕೊಟ್ಟಳು.
"ನಗಬೇಡಿ ವೀಬ್ಕೆ, ಸುಮ್ಮನೆ ದೂರ ನೋಡಿ."
ದೂರದಲ್ಲಿ ಬಾಳೆಹಣ್ಣಿನ ಜಾಹೀರಾತು ಇತ್ತು. ಅದನ್ನೇ ನೋಡಿದೆ.
ಕಪ್ಪುಬಿಳುಪಿನಲ್ಲಿ ಅದು ದುಃಖವಾಗಿ ಬಂದಿದೆ.

ಬರೆಯಲು ಬಂದವನು ಕೇಳಿದ: ಬಿದ್ದದ್ದು ಯಾವಾಗ?
ನಾನು ದೋಣಿಯ ಮಾತು ತೆಗೆದೆ.
ಹತ್ತೊಂಬತ್ತು ವರ್ಷ, ಹಡಗು ಎಳೆಯುವ ದೋಣಿಯಲ್ಲಿ ಅಡುಗೆ;
ಎಲ್ಬೆ ನದಿ ಹೊಯ್ದಾಡುವಾಗ ಪಾತ್ರೆಯನ್ನು
ಸೊಂಟಕ್ಕೆ ಒತ್ತಿ ಹಿಡಿದು ಕದಡುವುದು,
ಏಳು ಜನ ಗಂಡಸರು ತಟ್ಟೆ ನೆಕ್ಕಿ ಮೌನವಾಗುವುದು.
ಅವನ ಪೆನ್ನು ಅಲ್ಲಾಡಲಿಲ್ಲ.
ಬೆಂಚಿನ ಮೇಲೆ ಮಲಗಿದ ಹನ್ನೊಂದು ರಾತ್ರಿಗೆ ಬಂದಾಗ
ಮಳೆ ಹೊಯ್ದಂತೆ ಬರೆದ.
ಅಚ್ಚಾದಾಗ ದೋಣಿ ಎರಡು ಸಾಲು, ಬೆಂಚು ಎರಡು ಪುಟ.
ಮೇಲೆ ದಪ್ಪಕ್ಷರ: ಮತ್ತೆ ಎದ್ದ ಹೆಣ್ಣು.
ಎಲಾ! ಆ ಬೆಂಚಿನಿಂದಲೂ
ದಿನಾ ಎದ್ದೇ ಇದ್ದೆನಲ್ಲ, ಬೆಳಿಗ್ಗೆ ಆರಕ್ಕೆ.

ನದಿಯಾಚೆ ನಿಲ್ಲುವ ಝಂಫೀರ್, ರೊಮೇನಿಯಾದವನು,
ಹೆಂಚು ಹೊದಿಸುವ ಕಸುಬು. ಹೋದ ವರ್ಷ ಅವನ ಸರದಿ.
ಕೈಗೆ ಯಾರದೋ ಅಕಾರ್ಡಿಯನ್ ಕೊಟ್ಟು ಕೂರಿಸಿದರು.
ಅವನಿಗೆ ನುಡಿಸಲು ಬರುವುದಿಲ್ಲ.
"ಆ ಸಂಚಿಕೆ ಚೆನ್ನಾಗಿ ಹೋಯಿತು ಅಕ್ಕಾ" ಎನ್ನುತ್ತಾನೆ,
"ಈಗ ಜನ ನಿಂತು ಹಾಡು ಕೇಳುತ್ತಾರೆ."
ನಕ್ಕೆವು. ಹೋದದ್ದೂ ನಿಜ,
ಆ ದುಡ್ಡಿನಲ್ಲಿ ಅವನ ಮಗಳಿಗೆ ಕನ್ನಡಕ ಬಂದದ್ದೂ ನಿಜ.
ಅದಕ್ಕೇ ಯಾರನ್ನೂ ಪೂರ್ತಿ ಬೈಯಲಾಗುವುದಿಲ್ಲ.

ಹೆಚ್ಚಿನವರು ದುಡ್ಡು ಕೊಟ್ಟು "ನೀವೇ ಇಟ್ಟುಕೊಳ್ಳಿ" ಎನ್ನುತ್ತಾರೆ,
ಸುಡುವ ಪಾತ್ರೆ ಮುಟ್ಟಿದವರಂತೆ ಕೈ ಎಳೆದುಕೊಂಡು.
ಒಯ್ದರೆ ವ್ಯಾಪಾರ; ಬಿಟ್ಟುಹೋದರೆ ಭಿಕ್ಷೆ.
ನಿನ್ನೆ ಒಬ್ಬ ಮುದುಕ, ಒಯ್ಯುವ ಪೈಕಿಯವನು,
ಮುಖಪುಟವನ್ನು ಕಣ್ಣಿನ ಹತ್ತಿರ ಹಿಡಿದು
"ಪಾಪ, ಈಕೆ ಇನ್ನೂ ಬದುಕಿದ್ದಾಳೆಯೇ?" ಎಂದ,
ನನ್ನನ್ನೇ ನೋಡುತ್ತ.
"ಇದ್ದಾಳೆ. ಚಿಲ್ಲರೆ ಹುಡುಕುತ್ತಿದ್ದಾಳೆ" ಎಂದೆ.

ಫೋಟೋಗೆ ಒಪ್ಪುವ ಮೊದಲು ಒಂದೇ ಹಟ ಹಿಡಿದಿದ್ದೆ:
ನನ್ನ ಬಟಾಣಿ ಸೂಪು ಹಾಕಬೇಕು, ಅಳತೆ ಸಮೇತ.
ಹಾಕಿದರು, ಇಪ್ಪತ್ತೆರಡನೆಯ ಪುಟದ ಮೂಲೆಯಲ್ಲಿ,
ಹಲ್ಲಿನ ಡಾಕ್ಟರ ಜಾಹೀರಾತಿನ ಕೆಳಗೆ,
ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಿ.

ಇವತ್ತು ಹತ್ತು ಗಂಟೆಗೆ ಹಸಿರು ಕೋಟಿನ ಹೆಂಗಸು
ಸೈಕಲ್ಲು ಒರಗಿಸಿ ನೇರ ನನ್ನೆದುರು ಬಂದು ನಿಂತಳು.
ಅವಳ ಮುಖದಲ್ಲಿ ಕರುಣೆ ಹುಡುಕಿದೆ. ಇರಲಿಲ್ಲ.
"ನಿಮ್ಮ ಸೂಪು ಬಾಯಿಗಿಡಲಾಗಲಿಲ್ಲ. ಬರೀ ಉಪ್ಪು.
ಮನೆಗೆ ನೆಂಟರು ಬಂದಿದ್ದರು."
"ಹೊಗೆ ಹಾಕಿದ ಮಾಂಸ ನೆನೆಸಿದ್ದೆಯಾ?"
"ನೆನೆಸಬೇಕೆಂದು ಬರೆದೇ ಇಲ್ಲ!"
"ಬರೆದಿದ್ದೆ. ಜಾಗ ಸಾಲದೆ ಕತ್ತರಿಸಿದ್ದಾರೆ."

ಅವಳ ಪೆನ್ನು ಇಸಿದುಕೊಂಡೆ.
ರಾತ್ರಿಯಿಡೀ ನೆನೆಯಬೇಕು, ಎರಡು ಸಲ ನೀರು ಚೆಲ್ಲಬೇಕು,
ಇಲ್ಲಿ ನೋಡು, ಎಂದು
ಮುಖಪುಟದ ನನ್ನ ಬೂದು ಕೆನ್ನೆಯ ಮೇಲೆ,
ಅಲ್ಲೇ ತಾನೆ ಖಾಲಿ ಜಾಗ ಇದ್ದದ್ದು, ಬರೆಯತೊಡಗಿದೆ.
ತಲೆಯ ಮೇಲೆ ರೈಲು ಹಾಯಿತು.
"ಏನು? ಎಷ್ಟು ಸಲ?" ಎಂದು ಕೂಗಿದಳು ಅವಳು.